ಬಿಚ್ಚಪ್ಪನ ಕಾಡು ಪ್ರವಾಸ

ಆ ಬೀದಿಯಲ್ಲಿ ಗಾಡಿಗಳಿಗೆ ವೈರಿಂಗ್ ಮಾಡಿಕೊಡುವ ಅಂಗಡಿ ಇರುವುದು ಒಂದೇ. ಅದರ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಏನೆಂದು ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಿ ಹೇಳಬೇಕು. ಬೀದಿಗೆಲ್ಲ ಅವನು ಬಿಚ್ಚಪ್ಪ. ಹಾರ್ನ್ ಕೂಗುತ್ತಿಲ್ಲ ಎಂದು ಯಾರಾದರೂ ಗಾಡಿ ತಂದರೆ ಬೇರೆ ಮೆಕ್ಯಾನಿಕ್ಕುಗಳು ಹಾರ್ನ್ ನೋಡುತ್ತಾರೆ. ಬಿಚ್ಚಪ್ಪ ಡ್ಯಾಶ್‌ಬೋರ್ಡ್ ಬಿಚ್ಚುತ್ತಾನೆ, ಸೀಟು ಎತ್ತುತ್ತಾನೆ, ಕಾಲಡಿಯ ಮ್ಯಾಟು ಕಿತ್ತು ಫುಟ್‌ಪಾತಿನ ಮೇಲೆ ಒಗೆಯುತ್ತಾನೆ. ಗಾಡಿಯವನು ಗಾಬರಿಬಿದ್ದು "ಅಣ್ಣಾ, ಬರೀ ಹಾರ್ನ್ ಅಷ್ಟೇ" ಎಂದರೆ, "ಹಾರ್ನ್ ಮುಂದೆ ಇರುತ್ತೆ ಸ್ವಾಮಿ, ರೋಗ ಎಲ್ಲಿರುತ್ತೋ ಯಾರಿಗೆ ಗೊತ್ತು?" ಎನ್ನುತ್ತಾನೆ. ರೋಗ ಸಿಗುತ್ತದೆ ಎನ್ನುವುದೂ ಸುಳ್ಳಲ್ಲ. ಆದರೆ ಅಷ್ಟು ಹೊತ್ತಿಗೆ ಗಾಡಿಯವನಿಗೆ ಬಿ.ಪಿ. ಏರಿರುತ್ತದೆ.

ಊರವರ ಗಾಡಿಯನ್ನು ಹೇಗಾದರೂ ಬಿಚ್ಚಿಕೊಳ್ಳಲಿ, ಮಗಳು ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಅವಳ ಮೈ ಉರಿಯುತ್ತಿದ್ದುದು ತನ್ನ ಕೆಲಸವನ್ನೂ ಅಪ್ಪ ಬಿಚ್ಚುತ್ತಾನಲ್ಲ ಎನ್ನುವುದಕ್ಕೆ. ಶಾಲೆ ಮುಗಿಸಿದಾಗಿನಿಂದ ಅವಳು ಆ ಅಂಗಡಿಯಲ್ಲೇ ಇದ್ದಾಳೆ. ವೈರಿನ ಮೇಲಿನ ತೊಗಟೆ ಸುಲಿಯುವುದು, ಎರಡು ತುದಿಗಳನ್ನು ಒಂದರೊಳಗೊಂದು ಸೇರಿಸಿ ಹೊಸೆಯುವುದು, ಟೇಪನ್ನು ಎಳೆದೆಳೆದು ಬಿಗಿಯಾಗಿ ಸುತ್ತುವುದು, ಎಲ್ಲ ಅವನೇ ಕಲಿಸಿದ್ದು. ಈಗ ಅವಳಿಗೆ ಮೂವತ್ತು ದಾಟಿದೆ. ಇಡೀ ಬಸ್ಸಿನ ವೈರಿಂಗನ್ನು ಒಬ್ಬಳೇ ಎಳೆದು ಮುಗಿಸುತ್ತಾಳೆ. ಆದರೂ ಸಂಜೆ ಶಟರ್ ಎಳೆಯುವ ಮುಂಚೆ ಬಿಚ್ಚಪ್ಪ ಕನ್ನಡಕ ಏರಿಸಿಕೊಂಡು ಅವಳು ಮುಗಿಸಿಟ್ಟ ಗಾಡಿಯ ಹತ್ತಿರ ಹೋಗುತ್ತಾನೆ. ಟೇಪು ಸುಲಿಯುತ್ತಾನೆ. ಜಾಯಿಂಟನ್ನು ಹೊರಳಿಸಿ ಹೊರಳಿಸಿ ನೋಡುತ್ತಾನೆ. ಕಟಕ್ಕೆಂದು ಕತ್ತರಿಸುತ್ತಾನೆ. ಆಮೇಲೆ ಥೇಟ್ ಅವಳು ಮಾಡಿದ ಹಾಗೆಯೇ ಮತ್ತೆ ಹೊಸೆದು ಟೇಪು ಸುತ್ತುತ್ತಾನೆ.

"ಏನಾಗಿತ್ತು ಅದಕ್ಕೆ?"

"ಏನೂ ಆಗಿರ್ಲಿಲ್ಲ."

"ಮತ್ತೆ ಯಾಕೆ ಬಿಚ್ಚಿದ್ರಿ?"

"ಸುಮ್ನೆ. ನೋಡೋಣ ಅಂತ."

ಈ 'ಸುಮ್ನೆ' ಎನ್ನುವ ಮಾತು ಕೇಳಿದರೆ ಅವಳ ಪಿತ್ತ ನೆತ್ತಿಗೇರುತ್ತದೆ. ಅವಳು ಮಾಡದ ಉಪಾಯವಿಲ್ಲ. ಒಳ್ಳೆ ಮಾತಲ್ಲಿ ಹೇಳಿದಳು. ಜಗಳವಾಡಿದಳು. ವಾರಗಟ್ಟಲೆ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆಂದು ಅವನ ಗಮನಕ್ಕೇ ಬರಲಿಲ್ಲ. ಬಿಚ್ಚಲು ಬೇಸರವಾಗಲಿ ಎಂದು ಸುರುಳಿಗಟ್ಟಲೆ ಟೇಪು ಸುತ್ತಿಟ್ಟಳು. ಅವನು ಬ್ಲೇಡು ತಂದ. ಅಮ್ಮನ ಹತ್ತಿರ ಹೋಗಿ ದೂರಿದರೆ ಅಮ್ಮ, "ನಾನು ಮಡಚಿಟ್ಟ ಬಟ್ಟೆನೂ ಬಿಚ್ಚಿ ಮಡಚ್ತಾರೆ ಕಣೇ. ನಾನೇನು ಮನೆ ಬಿಟ್ಟು ಹೋದ್ನಾ?" ಎಂದಳು.

ಅಮ್ಮ ಹೋಗಲಿಲ್ಲ, ಸರಿ. ಆದರೆ ಮಗಳು ಹೊರಟಿದ್ದಳು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ವೈರಿಂಗ್ ವಿಭಾಗಕ್ಕೆ ಬಾ ಎಂದು ಅಲ್ಲಿನ ಫೋರ್‌ಮನ್ ಕರೆದಿದ್ದ. ಸೋಮವಾರದಿಂದ ಬರುತ್ತೇನೆ ಎಂದು ಅವಳು ಒಪ್ಪಿಯೂ ಆಗಿತ್ತು. ಅಪ್ಪನಿಗೆ ಹೇಳಿರಲಿಲ್ಲ. ಅಂಗಡಿಯಲ್ಲಿ ಹೇಳೋಣವೆಂದರೆ ಗಿರಾಕಿಗಳು, ಮನೆಯಲ್ಲಿ ಹೇಳೋಣವೆಂದರೆ ಅವನು ಯಾವಾಗಲೂ ಮಿಕ್ಸಿಯನ್ನೋ ಫ್ಯಾನನ್ನೋ ಬಿಚ್ಚಿ ಅದರೊಳಗೆ ತಲೆ ತೂರಿಸಿರುತ್ತಾನೆ. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಗುಡ್ಡಕ್ಕೆ ಹೋಗಿ ಡೇರೆ ಹಾಕುವ ದಿನ ಹತ್ತಿರ ಬಂದಿತ್ತು. ಅಲ್ಲಿ ಬಿಚ್ಚಲು ಏನೂ ಇರುವುದಿಲ್ಲ, ಅಲ್ಲೇ ಹೇಳಿಬಿಡಬೇಕು ಎಂದು ನಿರ್ಧರಿಸಿ ಅವಳೂ ಹೊರಟಳು.

ಹೊರಟಿದ್ದು ಮನೆಯ ಟ್ರಕ್ಕಿನಲ್ಲಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತವಿರುವ ಗಿಡ್ಡ ಟ್ರಕ್ಕು ಅದು. ವಯಸ್ಸಿನಲ್ಲಿ ಮಗಳಿಗಿಂತ ದೊಡ್ಡದು. ಅವಳು ಚಿಕ್ಕವಳಿದ್ದಾಗ ಅದನ್ನು 'ಅಣ್ಣ' ಎಂದು ಕರೆಯಲು ಅಪ್ಪ ಹೇಳಿಕೊಟ್ಟಿದ್ದ. ರಸ್ತೆ ಮುಗಿದ ಮೇಲೂ ಹೋಗುವ ಗಾಡಿ ಎಂದು ಅವನಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಪ್ರವಾಸದ ಹಿಂದಿನ ವಾರವೆಲ್ಲ ಕೂತು ಅದರ ಹಳೆಯ ವೈರುಗಳನ್ನು ಕಿತ್ತೆಸೆದು, ಎಂಜಿನ್ನಿನಿಂದ ಹಿಂದಿನ ದೀಪದವರೆಗೆ ಹೊಸ ವೈರಿನ ಕಟ್ಟು ಎಳೆದ. ಗಾಡಿಯ ಅಡಿಯಲ್ಲಿ ಪ್ಲಾಸ್ಟಿಕ್ ಪೈಪು ಕೂರಿಸಿ ಅದರೊಳಗೆ ಇಡೀ ಕಟ್ಟನ್ನು ನುಗ್ಗಿಸಿದ. ಮಗಳು "ನಾನೊಂದು ಕೈ ಹಾಕ್ಲಾ?" ಎಂದದ್ದಕ್ಕೆ, "ಇದು ಕಾಡಿಗೆ ಹೋಗೋ ಗಾಡಿ, ತಮಾಷೆ ಅಲ್ಲ" ಎಂದ. ಮುಂಜಾನೆಯಿಂದ ಸಂಜೆವರೆಗೆ ಬಸ್ಸುಗಳ ಜೊತೆ ಗುದ್ದಾಡಿದ ಅವಳು ತಮಾಷೆ ಮಾಡುತ್ತಿದ್ದಳಂತೆ.

ಡಾಂಬರು ಮುಗಿಯಿತು, ಮಣ್ಣಿನ ದಾರಿ ಮುಗಿಯಿತು, ಕೊನೆಗೆ ದಾರಿ ಎನ್ನುವುದೇ ಮುಗಿಯಿತು. ಬಂಡೆಗಳ ಮೇಲೆ ಕುಕ್ಕರಿಸಿ ಎದ್ದು ಕುಕ್ಕರಿಸಿ ಎದ್ದು, ಒಂದು ತೊರೆ ದಾಟಿ, ಗುಡ್ಡದ ಮೇಲಿನ ಕೊಳದ ದಂಡೆಗೆ ಬಂದಾಗ ಮೂವರ ಬೆನ್ನುಮೂಳೆಯೂ ಜಾಗ ಬದಲಿಸಿತ್ತು. ಅಮ್ಮ ಮಡಚುವ ಕುರ್ಚಿ ಬಿಡಿಸಿಕೊಂಡು ಕೊಳದ ಕಡೆ ಮುಖ ಮಾಡಿ ಕೂತವಳು, ಇನ್ನು ತನಗೂ ಈ ಇಬ್ಬರಿಗೂ ಸಂಬಂಧವಿಲ್ಲ ಎನ್ನುವ ಹಾಗೆ ಕಣ್ಣು ಮುಚ್ಚಿದಳು.

ಮಗಳು ಡೇರೆಯ ಹಗ್ಗ ಬಿಗಿದು, "ಅಪ್ಪಾ, ನಿಮ್ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದಳು.

ಬಿಚ್ಚಪ್ಪ ಬಂದು ಅವಳು ಕಟ್ಟಿದ ಗಂಟು ಬಿಚ್ಚಿದ. "ಮೊದ್ಲು ಗಂಟು ಹಾಕೋದು ಕಲಿ" ಎಂದು ಥೇಟ್ ಅದೇ ಗಂಟು ಹಾಕಿದ. ಅವಳ ಬಾಯಿಗೆ ಬಂದಿದ್ದ ಮಾತು ಹಲ್ಲಿನ ಸಂದಿಯಲ್ಲೇ ಉಳಿಯಿತು. ನಾಳೆ ಹೇಳಿದರಾಯಿತು ಎಂದುಕೊಂಡು ಹೋಗಿ ಮಲಗಿದಳು.

ಬೆಳಗ್ಗೆ ಎದ್ದಾಗ ಅಮ್ಮ, "ರಾತ್ರಿ ಯಾರೋ ಕರುಂ ಕುರುಂ ಅಂತ ಅಗೀತಿದ್ರು" ಎಂದಳು. "ನಿನ್ನ ಕನಸು" ಎಂದ ಬಿಚ್ಚಪ್ಪ. ಸುತ್ತಲಿನ ಜಾಗ ನೋಡಿಕೊಂಡು ಬರೋಣವೆಂದು ಟ್ರಕ್ಕು ಹತ್ತಿ ಕೀಲಿ ತಿರುಗಿಸಿದ. ಎಂಜಿನ್ನು ಗುರ್ ಗುರ್ ಎಂದಿತೇ ಹೊರತು ಹತ್ತಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಅದೇ.

"ಪಂಪಿನ ಸದ್ದೇ ಬರ್ತಿಲ್ಲ" ಎಂದಳು ಮಗಳು. ಟ್ಯಾಂಕಿನ ಪಕ್ಕ ಅಪ್ಪ ಕೂರಿಸಿದ್ದ ಪೆಟ್ರೋಲ್ ಪಂಪು ಕರೆಂಟಿನದು. ಕೀಲಿ ತಿರುಗಿಸಿದ ಕೂಡಲೇ ಅದು ಗುಂಯ್ ಎನ್ನಬೇಕು.

"ಪೆಟ್ರೋಲ್‌ದೇ ದೋಷ. ಆ ಬಂಕಿನವನ ಮುಖ ನೋಡಿದಾಗ್ಲೇ ಅನ್ಕೊಂಡೆ" ಎಂದ ಅಪ್ಪ.

ಅವಳು ಗಾಡಿಯ ಕೆಳಗೆ ಬೆನ್ನ ಮೇಲೆ ತೂರಿಕೊಂಡು ನೋಡಿದಳು. ಹಿಂದಿನ ಚಕ್ರದ ಹತ್ತಿರ ನೇತುಬಿದ್ದಿದ್ದ ರಬ್ಬರಿನ ಹಾಳೆ ಅರ್ಧಕ್ಕರ್ಧ ಇರಲಿಲ್ಲ. ಹೊಸ ಪ್ಲಾಸ್ಟಿಕ್ ಪೈಪು ಉದ್ದಕ್ಕೂ ಸಿಗಿದುಹೋಗಿತ್ತು. ಒಳಗಿನ ವೈರುಗಳು ಅಲ್ಲಲ್ಲಿ ತುಂಡಾಗಿ, ಕೆಂಪು ಹಳದಿ ಹಸಿರು ತೊಗಟೆಯ ಚೂರುಗಳು ನೆಲದ ಮೇಲೆ ಚೆಲ್ಲಿದ್ದವು. ಅವುಗಳ ನಡುವೆ ಕಪ್ಪು ಬಿಳುಪು ಪಟ್ಟೆಯ ಉದ್ದನೆಯ ಮುಳ್ಳೊಂದು ಬಿದ್ದಿತ್ತು.

"ಮುಳ್ಳುಹಂದಿ" ಎಂದು ಅವಳು ಮುಳ್ಳನ್ನು ಹೊರಗೆ ಚಾಚಿದಳು. "ಒಂದಲ್ಲ, ಇಡೀ ಸಂಸಾರ ಬಂದು ಊಟ ಮಾಡಿದೆ."

ಬಿಚ್ಚಪ್ಪ ಮುಳ್ಳನ್ನು ತಿರುಗಿಸಿ ನೋಡಿ ಹೆಂಡತಿಯ ಕಡೆ ತಿರುಗಿದ. "ಬಿಸ್ಕತ್ತಿನ ಡಬ್ಬ ಮುಚ್ಚಿ ಇಡು ಅಂತ ಬಡ್ಕೊಂಡೆ. ಕೇಳಿದ್ಯಾ?"

"ಡಬ್ಬ ನನ್ನ ತಲೆದಿಂಬಿನ ಪಕ್ಕ ಇತ್ತು ರೀ. ನನ್ನ ತಲೆ ತಿಂದಿಲ್ವಲ್ಲ ಅದು!"

ಅಷ್ಟರಲ್ಲಿ ಮಗಳ ಮೂಗಿಗೆ ಒಂದು ವಾಸನೆ ಹತ್ತಿತ್ತು. ಅವಳು ಪೈಪಿನ ತುಂಡೊಂದನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ತೆವಳಿಕೊಂಡು ಹೊರಗೆ ಬಂದು ಅದನ್ನು ಅಮ್ಮನ ಮೂಗಿಗೆ ಹಿಡಿದಳು.

ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ! ಆಲೂಗಡ್ಡೆ ಕರಿದ ಎಣ್ಣೆ! ಡಬ್ಬ ಎಲ್ಲಿ ಹೋಯ್ತು ಅಂತ ವಾರದಿಂದ ಹುಡುಕ್ತಿದೀನಿ!"

ವಿಷಯ ಇಷ್ಟೇ. ವೈರಿನ ದಪ್ಪ ಕಟ್ಟು ಪೈಪಿನೊಳಗೆ ಸುಲಭವಾಗಿ ನುಗ್ಗುವುದಿಲ್ಲ, ಏನಾದರೂ ಜಾರುವಂಥದ್ದು ಸವರಬೇಕು. ಗ್ರೀಸು ಸವರಿದರೆ ವೈರಿನ ತೊಗಟೆ ಮೆತ್ತಗಾಗುತ್ತದೆ, ಸೋಪು ಸವರಿದರೆ ಒಣಗಿ ಹಿಡಿದುಕೊಳ್ಳುತ್ತದೆ ಎಂದು ಬಿಚ್ಚಪ್ಪನ ಸಿದ್ಧಾಂತ. ಹಾಗಾಗಿ ಅಡುಗೆಮನೆಗೆ ಹೋಗಿ ಕರಿದು ಉಳಿದ ಎಣ್ಣೆಯ ಡಬ್ಬ ಎತ್ತಿಕೊಂಡು ಬಂದು, ಪೈಪಿನ ಉದ್ದಕ್ಕೂ ಧಾರಾಳವಾಗಿ ಸುರಿದಿದ್ದ. ಕಾಡಿನ ನಟ್ಟನಡುವೆ ಕರಿದ ತಿಂಡಿಯ ಘಮಘಮ ವಾಸನೆಯ ಗಾಡಿ ತಂದು ನಿಲ್ಲಿಸಿದರೆ ಮುಳ್ಳುಹಂದಿಗಳೇನು ಮುಖ ತಿರುಗಿಸಿಕೊಂಡು ಹೋಗುತ್ತವೆಯೇ?

"ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲ" ಎಂದ ಬಿಚ್ಚಪ್ಪ. "ಈ ಕಡೆ ಮುಳ್ಳುಹಂದಿಗಳೇ ಸರಿ ಇಲ್ಲ."

ಮಗಳು ಆಕಾಶ ನೋಡಿದಳು. ಈ ಮನುಷ್ಯ ಹುಟ್ಟಿದಾಗಿನಿಂದ 'ತಪ್ಪು ನಂದು' ಎಂದು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿಲ್ಲ, ಅಮ್ಮನೂ ಕೇಳಿಲ್ಲ. ಈಗ ಕೇಳುವ ಆಸೆಯೂ ಅವಳಿಗಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ನಡೆದು ಇಳಿಯೋಣವೆಂದರೆ ಅಮ್ಮನ ಮಂಡಿಗೆ ಆಗುವುದಿಲ್ಲ. ಗಾಡಿ ರಿಪೇರಿಯಾಗಬೇಕು, ಅಷ್ಟೇ.

"ಆಚೆ ಸರಿ, ನಾನು ಕೆಳಗೆ ಹೋಗ್ತೀನಿ" ಎಂದು ಬಿಚ್ಚಪ್ಪ ಮೊಣಕಾಲೂರಿದವನು 'ಅಮ್ಮಾ' ಎಂದು ಸೊಂಟ ಹಿಡಿದುಕೊಂಡ. ಹಿಂದಿನ ದಿನದ ಕುಲುಕಾಟಕ್ಕೆ ಸೊಂಟ ಕೈಕೊಟ್ಟಿತ್ತು. ಕೆಲಸ ಮಗಳ ಪಾಲಿಗೆ ಬಂತು. ಸಲಹೆ ಕೊಡುವ ಕೆಲಸವನ್ನು ಅವನು ಇಟ್ಟುಕೊಂಡ.

ಹೆಚ್ಚುವರಿ ವೈರು ತಂದಿದ್ದೀರಾ ಎಂದು ಕೇಳಿದರೆ ಇಲ್ಲ. ಇದ್ದದ್ದನ್ನೆಲ್ಲ ಹೊಸ ಕಟ್ಟಿಗೇ ಹಾಕಿದ್ದ. ಅವಳು ಬ್ಯಾಟರಿಯಿಂದ ಡೇರೆಯ ದೀಪಕ್ಕೆ ಎಳೆದಿದ್ದ ವೈರನ್ನೇ ಕಿತ್ತು ತುಂಡು ತುಂಡು ಮಾಡಿಕೊಂಡಳು. ಮಣ್ಣು ಕಣ್ಣಿಗೆ ಬೀಳುತ್ತಿತ್ತು. ಎಣ್ಣೆಯಿಂದ ಬೆರಳು ಜಾರುತ್ತಿದ್ದವು. ಮುಳ್ಳುಹಂದಿ ಕಡಿದ ತುದಿಗಳನ್ನು ಸುಲಿದು, ತುಂಡು ಸೇರಿಸಿ ಹೊಸೆದು, ಕಪ್ಪು ಟೇಪು ಸುತ್ತುತ್ತ ಹೋದಳು. ಪಕ್ಕದಲ್ಲಿ ಕೂತವನ ಬಾಯಿಗೆ ಬಿಡುವಿರಲಿಲ್ಲ. "ಹಳದಿಗೆ ಹಳದಿನೇ ತಾನೇ ಸೇರಿಸಿದ್ದು?" "ಹೊಸೆದ ಮೇಲೆ ಎಳೆದು ನೋಡಿದ್ಯಾ?" "ಟೇಪು ಓರೆಯಾಗಿ ಸುತ್ತು." "ಹಳದಿ ಅಂದ್ನಲ್ಲ, ಹಳದಿನೇ ತಾನೇ?"

"ಅಪ್ಪಾ, ಇನ್ನೊಂದ್ಸಲ ಹಳದಿ ಅಂದ್ರೆ ಮುಳ್ಳುಹಂದಿ ಬಿಟ್ಟಿರೋದನ್ನ ನಾನೇ ಕಡೀತೀನಿ."

ಬಿಸಿಲು ನೆತ್ತಿಯ ಮೇಲೆ ಬಂದಾಗ ಕೊನೆಯ ಜಾಯಿಂಟು ಮುಗಿಯಿತು, ಟೇಪೂ ಮುಗಿಯಿತು. ಅಮ್ಮ ಕೀಲಿ ತಿರುಗಿಸಿದಳು. ಪಂಪು ಗುಂಯ್ ಎಂದಿತು. ಎಂಜಿನ್ನು ಹತ್ತಿತು. ಅಮ್ಮ ಚಪ್ಪಾಳೆ ತಟ್ಟಿದಳು. ಬಿಚ್ಚಪ್ಪ "ಹೂಂ" ಎಂದ. ಅವನ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ. ಮಗಳು ಎಂಜಿನ್ನು ಆರಿಸಿ ಕೈ ತೊಳೆಯಲು ಕೊಳಕ್ಕೆ ಹೋದಳು. ತಣ್ಣನೆಯ ನೀರಿನಲ್ಲಿ ಮುಖವನ್ನೂ ತೊಳೆದುಕೊಂಡು, ಹೊರಡುವ ಮುಂಚೆ ಡಿಪೋ ವಿಷಯ ಮೆತ್ತಗೆ ಹೇಳಿಬಿಡೋಣ ಎಂದುಕೊಳ್ಳುತ್ತ ವಾಪಸ್ಸು ಬಂದಳು.

ಟ್ರಕ್ಕಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು.

"ಅಪ್ಪಾ! ಸೊಂಟ ನೋವು ಅಂದ್ರಲ್ಲ! ಏನ್ಮಾಡ್ತಿದೀರಿ?"

"ಏನಿಲ್ಲ. ಸುಮ್ನೆ ಒಂದೇ ಒಂದು ಬಿಚ್ಚಿ ನೋಡ್ತಿದೀನಿ."

ಒಳಗಿನಿಂದ ಕಟಕ್ಕೆಂದು ಸದ್ದು ಬಂತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಬಗ್ಗಿ ನೋಡಿದರೆ, ಅವನು ಎರಡು ಕೈಯಲ್ಲಿ ಎರಡು ವೈರಿನ ತುದಿ ಹಿಡಿದು ಒಂದನ್ನೊಂದರ ಹತ್ತಿರ ಎಳೆಯುತ್ತಿದ್ದ. ಮುಟ್ಟುತ್ತಿರಲಿಲ್ಲ. ಅವಳು ಒಂದು ಬೆರಳಿನಷ್ಟೂ ಸಡಿಲ ಬಿಡದೆ, ಇದ್ದ ವೈರನ್ನೆಲ್ಲ ಅಳೆದು ಹೊಂದಿಸಿ ಮಾಡಿದ ಜಾಯಿಂಟದು. ಪಂಪಿನದೇ ವೈರು.

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಸೋಮವಾರದಿಂದ ನಾನು ಬಸ್ ಡಿಪೋಗೆ ಕೆಲಸಕ್ಕೆ ಹೋಗ್ತೀನಿ! ಒಪ್ಕೊಂಡೂ ಆಗಿದೆ! ಅಲ್ಲಿ ನನ್ನ ಕೆಲಸ ಬಿಚ್ಚೋಕೆ ಯಾರೂ ಬರಲ್ಲ! ಈಗ ಬಿಚ್ಚಿದ್ರಲ್ಲ, ನೀವೇ ಕಟ್ಟಿ!" ಎಂದು ಕಿರುಚಿದಳು. ಕೊಳದ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು.

ಗಾಡಿಯ ಕೆಳಗಿನಿಂದ ಒಂದು ಕೈ ಹೊರಗೆ ಬಂತು. "ಆ ಇಕ್ಕಳ ಕೊಡು."

ಅವಳು ಕೊಡಲಿಲ್ಲ. ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಹೋಗಿ ಕೂತಳು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೀಗೆ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಅಳು ಬಂತು. ಅಳು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಬಿಚ್ಚಪ್ಪ ತಾನೇ ತೆವಳಿಕೊಂಡು ಬಂದು ಇಕ್ಕಳ ತೆಗೆದುಕೊಂಡ. ನಂಬರ್ ಪ್ಲೇಟಿನ ದೀಪದ ವೈರಿನಿಂದ ಒಂದು ತುಂಡು ಕತ್ತರಿಸಿಕೊಂಡ. ಟೇಪು ಇರಲಿಲ್ಲವಾದ್ದರಿಂದ ಅಮ್ಮನ ಔಷಧಿ ಡಬ್ಬದಿಂದ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಎತ್ತಿಕೊಂಡು ಹೋದ. ನರಳುತ್ತ, ಗೊಣಗುತ್ತ ಏನೋ ಮಾಡಿ ಮುಗಿಸಿದ. ಎಂಜಿನ್ನು ಹತ್ತಿತು. ಡೇರೆ ಮಡಚಿ, ಸಾಮಾನು ತುಂಬಿ, ಮೂವರೂ ಇಳಿಯತೊಡಗಿದರು.

ತೊರೆ ದಾಟಿ ಆಚೆ ದಂಡೆಯ ಏರು ಹತ್ತುವಾಗ ಎಂಜಿನ್ನು ಕೆಮ್ಮಿತು. ಮತ್ತೆರಡು ಸಲ ಕೆಮ್ಮಿ ನಿಂತೇಹೋಯಿತು. ಟ್ರಕ್ಕು ಹಿಂದಕ್ಕೆ ಜಾರಿತು. ಅಮ್ಮ "ಅಯ್ಯಯ್ಯೋ" ಎಂದಳು. ಬಿಚ್ಚಪ್ಪ ಎರಡೂ ಕಾಲಿನಿಂದ ಬ್ರೇಕು ತುಳಿದು ಕೂತ. ಮಗಳು ಹೊರಗೆ ಹಾರಿ, ದೊಡ್ಡ ಕಲ್ಲುಗಳನ್ನು ಉರುಳಿಸಿ ತಂದು ಹಿಂದಿನ ಚಕ್ರಗಳಿಗೆ ಕೊಟ್ಟಳು.

"ನೋಡಿದ್ಯಾ? ನಿನ್ನ ಯಾವುದೋ ಜಾಯಿಂಟು ಬಿಟ್ಕೊಂಡಿದೆ. ಅದಕ್ಕೇ ಎಲ್ಲಾ ಬಿಚ್ಚಿ ನೋಡೋಣ ಅಂದಿದ್ದು" ಎಂದ ಬಿಚ್ಚಪ್ಪ ಕಿಟಕಿಯಿಂದ.

ಅಮ್ಮ ನಿಧಾನವಾಗಿ ಇಳಿದು, ಮಂಡಿ ಹಿಡಿದುಕೊಂಡು ಬಗ್ಗಿದಳು.

"ರೀ, ಇಲ್ಲಿ ಬನ್ನಿ. ಅವಳು ಸುತ್ತಿರೋದು ಕಪ್ಪು ಟೇಪು, ಎಲ್ಲಾ ಹಾಗೇ ಇದೆ. ಇಲ್ಲೊಂದು ಬಿಳಿ ಪಟ್ಟಿ ನೀರಲ್ಲಿ ನೆಂದು ಬಿಟ್ಕೊಂಡು ನೇತಾಡ್ತಿದೆ. ಇದು ಯಾರದ್ದು?"

ಬಿಚ್ಚಪ್ಪ ಇಳಿದು ಬಂದ. ಸೊಂಟ ಹಿಡಿದು ಬಗ್ಗಿದ. ನೇತಾಡುವ ಪಟ್ಟಿಯನ್ನು, ಅದರ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತ ಎರಡು ತುದಿಗಳನ್ನು ನೋಡಿದ. ಈಗ ತೊರೆಯನ್ನು ಬೈಯುತ್ತಾನೆ, ಇಲ್ಲವೇ ಪಟ್ಟಿ ತಯಾರಿಸಿದವನನ್ನು ಬೈಯುತ್ತಾನೆ ಎಂದು ಮಗಳು ಕಾದಳು.

"ನಂದೇ" ಎಂದ ಬಿಚ್ಚಪ್ಪ. "ಹೊಸೆದದ್ದು ಸಡಿಲ ಆಗಿದೆ. ನೀನೇ ಹಾಕು."

ಅವಳು ಇಕ್ಕಳ ತೆಗೆದುಕೊಂಡು ಕೆಳಗೆ ತೂರಿದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಅಪ್ಪನ ಚಪ್ಪಲಿಗಳು ಮಾತ್ರ. ಅವು ಒಂದಿಷ್ಟು ಹೊತ್ತು ಅತ್ತಿತ್ತ ಓಡಾಡಿ, ಅವಳ ತಲೆಯ ಹತ್ತಿರ ಬಂದು ನಿಂತವು.

"ಡಿಪೋ ವಿಷಯ ನಂಗೊತ್ತಿತ್ತು" ಎಂದಿತು ಮೇಲಿನಿಂದ ದನಿ. "ಫೋರ್‌ಮನ್ ನಿನ್ನ ಕೇಳೋಕೆ ಮುಂಚೆ ನನ್ನನ್ನ ಕೇಳ್ದ. ಮಗಳ ಕೆಲಸ ಹೇಗೆ ಅಂತ."

ಅವಳ ಕೈ ನಿಂತಿತು. "ಏನಂದ್ರಿ?"

"ಅವಳ ಕೆಲಸ ಬಿಚ್ಚಿ ನೋಡೋಕೆ ಹೋಗ್ಬೇಡ, ಟೈಮ್ ವೇಸ್ಟು ಅಂದೆ."

ಅವಳು ದಡಕ್ಕನೆ ಏಳಲು ಹೋಗಿ ಹಣೆಯನ್ನು ಗಾಡಿಯ ಕಬ್ಬಿಣಕ್ಕೆ ಹೊಡೆಸಿಕೊಂಡಳು. ಕಣ್ಣಲ್ಲಿ ನೀರು ಬಂತು. "ಮತ್ತೆ ನೀವ್ಯಾಕೆ ದಿನಾ ಬಿಚ್ತೀರಿ? ನನ್ನ ಪ್ರಾಣ ಯಾಕೆ ತಿಂತೀರಿ?"

"ನಂಗೆ ಟೈಮಿದೆಯಲ್ಲ" ಎಂದ ಬಿಚ್ಚಪ್ಪ.

ಚಪ್ಪಲಿಗಳು ಕದಲಲಿಲ್ಲ. "ಈಗೀಗ ಬರೋರೆಲ್ಲಾ ನಿನ್ನನ್ನೇ ಕೇಳ್ತಾರೆ. 'ಅಕ್ಕ ಇದಾರಾ, ಅಕ್ಕನ ಹತ್ರನೇ ಮಾಡಿಸ್ಬೇಕು' ಅಂತ. ನಾನು ಬಾಗಿಲಲ್ಲಿ ಕೂತು 'ಒಳಗಿದಾಳೆ, ಹೋಗಿ' ಅಂತೀನಿ. ದಿನ ಪೂರ್ತಿ ಇನ್ನೇನು ಮಾಡ್ಲಿ ಹೇಳು? ನೊಣ ಹೊಡೀಲಾ?"

ಅವಳು ವೈರಿನ ತುದಿ ಹಿಡಿದುಕೊಂಡು ಹಾಗೇ ಮಲಗಿದ್ದಳು. ನಿಜ. ಗಾಡಿಯವರು ಅವನನ್ನು ದಾಟಿಕೊಂಡೇ ಒಳಗೆ ಬರುತ್ತಿದ್ದರು. ಯಾವಾಗಿನಿಂದ ಹೀಗಾಯಿತೋ ಅವಳಿಗೆ ನೆನಪಿಲ್ಲ. ಬೀದಿಯವರೆಲ್ಲ ತನ್ನನ್ನು ನೆಚ್ಚಿಕೊಂಡರೆಂದು ಅವಳು ಒಳಗೊಳಗೇ ಉಬ್ಬಿದ್ದಳೇ ಹೊರತು, ಅಪ್ಪನ ಕೈ ಖಾಲಿಯಾಯಿತು ಎಂದು ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ಆದರೂ ಇಷ್ಟನ್ನು ಹೇಳಲು ಈ ಮನುಷ್ಯನಿಗೆ ಮುಳ್ಳುಹಂದಿಗಳ ಸಂಸಾರವೇ ಬಂದು ಗಾಡಿ ತಿನ್ನಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

ಜಾಯಿಂಟು ಹೊಸೆದು, ಎಳೆದು ನೋಡಿ, ಅಮ್ಮ ಸೆರಗಿನ ತುದಿ ಹರಿದು ಕೊಟ್ಟ ಬಟ್ಟೆಯಿಂದ ಬಿಗಿದು ಕಟ್ಟಿದಳು. ಹೊರಗೆ ಬಂದು ಕೈ ಒರೆಸಿಕೊಂಡಳು. ಅಪ್ಪನ ಮುಖ ನೋಡಿಯೇ ಹೇಳಿದಳು.

"ಅಪ್ಪಾ, ನಾನು ಡಿಪೋಗೆ ಹೋಗ್ತೀನಿ. ಸಿಟ್ಟಿಗಲ್ಲ. ನಾನಿಲ್ದಿದ್ರೆ ಬರೋರೆಲ್ಲಾ ನಿಮ್ಮನ್ನೇ ಕೇಳ್ಬೇಕಾಗುತ್ತೆ."

ಬಿಚ್ಚಪ್ಪ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅಮ್ಮ ಇಬ್ಬರನ್ನೂ ನೋಡಿ ಗಾಡಿ ಹತ್ತಿ ಕೂತಳು. ಕೀಲಿ ತಿರುಗಿತು, ಪಂಪು ಗುಂಯ್ ಎಂದಿತು, ಎಂಜಿನ್ನು ಹತ್ತಿತು. ಏರು ಹತ್ತಿ, ಬಂಡೆಗಳು ಮುಗಿದು, ಮಣ್ಣಿನ ದಾರಿ ಸಿಕ್ಕಿ, ಡಾಂಬರು ಕಾಣುವವರೆಗೂ ಬಿಚ್ಚಪ್ಪ ಬಾಯಿ ಬಿಡಲಿಲ್ಲ. ಗಾಡಿಯನ್ನೂ ನಿಲ್ಲಿಸಲಿಲ್ಲ, ಕೆಳಗೆ ಬಗ್ಗಿಯೂ ನೋಡಲಿಲ್ಲ.

ಡಾಂಬರು ರಸ್ತೆಗೆ ಗಾಡಿ ತಿರುಗಿಸುತ್ತ, ಮುಂದಿನ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದ:

"ಅಲ್ಲಿ ಯಾವನಾದ್ರೂ ನಿನ್ನ ಜಾಯಿಂಟು ಬಿಚ್ಚಿ ನೋಡೋಕೆ ಬಂದ್ರೆ, ಅವನ ಕೈ ಮೇಲೆ ಸರಿಯಾಗಿ ಒಂದು ಬಿಡು."